ಬೆಳಗ್ಗೆ ಎದ್ದರೆ ಗಾಡಿ ಕೂತಿರುತ್ತೆ: ಹಳೇ ಜಿಎಂಸಿ ಮೋಟರ್‌ಹೋಮಿನ ಏರ್ ಕಂಪ್ರೆಸರ್ ದೋಷ ಹುಡುಕುವುದು

ನಮ್ಮ ಮನೆ ಮುಂದೆ 1976ರ ಜಿಎಂಸಿ ಮೋಟರ್‌ಹೋಮ್ ನಿಂತಿದೆ. ಒಳಗೇ ಇರಲು, ಮಲಗಲು ಜಾಗವಿರುವ ಗಾಡಿ, 26 ಅಡಿ ಉದ್ದ. ಮಿಶಿಗನ್ನಿನ ಪಾಂಟಿಯಾಕ್‌ನಲ್ಲಿ ತಯಾರಾದ ಗಾಡಿ. ಆ ಊರು ನಮ್ಮಲ್ಲಿಂದ ಅರ್ಧ ಗಂಟೆ ದಾರಿ. ಇಷ್ಟು ವರ್ಷ ಆದರೂ ತವರಿನ ಪಕ್ಕದಲ್ಲೇ ಉಳಿದುಕೊಂಡಿದೆ ಅನ್ನಿ.

ಇದಕ್ಕೊಂದು ಕಾಯಿಲೆ ಶುರುವಾಯಿತು. ರಾತ್ರಿ ನೆಟ್ಟಗೆ ನಿಲ್ಲಿಸಿ ಬಂದರೆ ಬೆಳಗ್ಗೆ ಎಡಗಡೆಯ ಹಿಂಭಾಗ ಎಮ್ಮೆ ಮಲಗಿದ ಹಾಗೆ ಕೂತಿರುತ್ತಿತ್ತು. ಹಿಂಭಾಗವನ್ನು ಎತ್ತಿ ಹಿಡಿಯುವ ಏರ್ ಬ್ಯಾಗಿಗೆ ಗಾಳಿ ತುಂಬುವುದು ಕಂಪ್ರೆಸರ್. ಕ್ಯಾಂಪಿಗೆ ಹೋದಾಗ ಅದನ್ನು ಆನ್ ಇಟ್ಟು ಮಲಗಿದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಅದು ಗಡಗಡ ಅಂತ ಎದ್ದುಕೊಳ್ಳುತ್ತಿತ್ತು. "ರೀ, ಮತ್ತೆ ಶುರುವಾಯ್ತು ನೋಡಿ" ಅಂತ ನನ್ನಾಕೆ ರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತಿದ್ದಳು. ಪಕ್ಕದ ಟೆಂಟಿನವರು ಬೆಳಗ್ಗೆ ನಮ್ಮನ್ನು ನೋಡುವ ನೋಟವೇ ಬೇರೆ.

ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಕಂಪ್ರೆಸರ್ ಹಳತಾಯಿತು ಅಂದುಕೊಂಡು ಹೊಸದು ತಂದು ಹಾಕಿದೆ, ಹಳೆಯದಕ್ಕಿಂತ ದೊಡ್ಡದು. ಎರಡು ವಾರ ಆರಾಮಾಗಿತ್ತು. ನಾಲ್ಕನೇ ತಿಂಗಳಿಗೆ ಹೊಸದೂ ಸುಟ್ಟಿತು. ಆಮೇಲೆ ಮೀಟರ್ ಕೈಗೆ ತೆಗೆದುಕೊಂಡೆ. ಅದನ್ನು ಮೊದಲೇ ಮಾಡಬೇಕಿತ್ತು. ನೀವು ನನ್ನ ಹಾಗೆ ದುಡ್ಡು ಕಳೆಯಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ. ಬಹಳಷ್ಟು ಸಲ ಕಂಪ್ರೆಸರ್ ಕಳ್ಳನಲ್ಲ, ಕಳ್ಳತನಕ್ಕೆ ಸಿಕ್ಕಿ ಸೋತ ಬಡಪಾಯಿ.

ಈ ಗಾಡಿಯಲ್ಲಿ ಗಾಳಿ ಎಲ್ಲಿ ಓಡಾಡುತ್ತದೆ

ಜಿಎಂಸಿ ಈ ಮಾದರಿಯನ್ನು 1973ರಿಂದ 1978ರವರೆಗೆ ಮಾತ್ರ ಮಾಡಿತು. ಒಟ್ಟು 13 ಸಾವಿರಕ್ಕೆ ಸ್ವಲ್ಪ ಕಡಿಮೆ. ಎಂಜಿನ್, ಗೇರ್ ಎಲ್ಲ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನಿಂದ ಬಂದದ್ದು. ಎಳೆಯುವುದು ಮುಂದಿನ ಚಕ್ರ. ಹಾಗಾಗಿ ಹಿಂದಕ್ಕೆ ಹೋಗುವ ಶಾಫ್ಟೂ ಇಲ್ಲ, ಅಡ್ಡ ಆಕ್ಸಲೂ ಇಲ್ಲ. ಒಳಗಿನ ನೆಲ ಅಷ್ಟು ತಗ್ಗಿರುವುದು ಇದೇ ಕಾರಣಕ್ಕೆ.

ಮುಂದೆ ಟಾರ್ಷನ್ ಬಾರ್ ಇದೆ, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸಲಾಕೆ, ಅಲ್ಲಿ ಗಾಳಿಯ ಗೊಡವೆ ಇಲ್ಲ. ಹಿಂದೆ ಪ್ರತಿ ಬದಿಗೆ ಎರಡು ಚಕ್ರ, ಒಂದರ ಹಿಂದೆ ಒಂದು. ಆ ಎರಡು ಚಕ್ರಗಳ ತೋಳುಗಳ ನಡುವೆ ಏರ್ ಬ್ಯಾಗ್ ಅಡ್ಡಡ್ಡ ಮಲಗಿರುತ್ತದೆ. ಬ್ಯಾಗಿನಲ್ಲಿ ಗಾಳಿ ತುಂಬಿದರೆ ತೋಳುಗಳು ಅಗಲವಾಗಿ ಗಾಡಿ ಏಳುತ್ತದೆ. ಗಾಳಿ ಹೋದರೆ ಗಾಡಿ ಕೂರುತ್ತದೆ. ಬೆಂಗಳೂರಿನ ವೋಲ್ವೋ ಬಸ್ಸು ಸ್ಟಾಪಿನಲ್ಲಿ ಉಸ್ ಅಂತ ಬಾಗುತ್ತದಲ್ಲ, ಕೆಲಸ ಅದೇ, ರೂಪ ಬೇರೆ.

ಗಾಳಿಯ ದಾರಿ ಹೀಗಿದೆ: ಕಂಪ್ರೆಸರ್, ಚೆಕ್ ವಾಲ್ವ್ (ಗಾಳಿಯನ್ನು ಮುಂದಕ್ಕೆ ಮಾತ್ರ ಬಿಡುವುದು), ಟ್ಯಾಂಕ್, ಎರಡು ಬದಿಗೆ ಒಂದೊಂದು ಲೆವೆಲಿಂಗ್ ವಾಲ್ವ್, ಕೊನೆಗೆ ಬ್ಯಾಗ್. ನನ್ನ ಗಾಡಿಯಲ್ಲಿ ಲೆವೆಲಿಂಗ್ ವಾಲ್ವಿನ ಕೈಗೆ ಒಂದು ಸಣ್ಣ ಕಡ್ಡಿ ಕಟ್ಟಿ ಚಕ್ರದ ತೋಳಿಗೆ ಸೇರಿಸಿದ್ದಾರೆ. ಗಾಡಿ ಕುಸಿದರೆ ಕೈ ಮೇಲೆ ಹೋಗಿ ಗಾಳಿ ಒಳಗೆ ಬರುತ್ತದೆ, ಎತ್ತರ ಜಾಸ್ತಿಯಾದರೆ ಕೈ ಕೆಳಗೆ ಬಂದು ಗಾಳಿ ಹೊರಗೆ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಈ ಕಡ್ಡಿಯ ಬದಲು ಎಲೆಕ್ಟ್ರಿಕ್ ಸೆನ್ಸರ್ ಇರುತ್ತದೆ. ಅಂಥದ್ದು ನಿಮ್ಮಲ್ಲಿದ್ದರೆ ವಾಲ್ವಿನ ಭಾಗ ಬಿಟ್ಟು ಉಳಿದದ್ದು ಓದಿಕೊಳ್ಳಿ.

ಕೆಳಗೆ ನುಸುಳುವ ಮುಂಚೆ ಒಂದು ಮಾತು. ಗಾಳಿಯನ್ನು ನಂಬಿ ಗಾಡಿಯ ಕೆಳಗೆ ಹೋಗಲೇಬೇಡಿ. ಒಂದು ಫಿಟ್ಟಿಂಗ್ ಕಿತ್ತುಕೊಂಡರೆ ಟನ್ನುಗಟ್ಟಲೆ ಭಾರ ಒಂದೇ ಉಸಿರಿಗೆ ಇಳಿಯುತ್ತದೆ. ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಫ್ರೇಮಿನ ಕೆಳಗೆ ಎರಡೂ ಬದಿ ಜಾಕ್ ಸ್ಟ್ಯಾಂಡ್ ಇಟ್ಟು, ಗಾಡಿಯ ಭಾರವನ್ನು ಅದರ ಮೇಲೆ ಕೂರಿಸಿ ಆಮೇಲೆ ಒಳಗೆ ಹೋಗಿ. ಜಾಕ್ ಮಾತ್ರ ಸಾಲದು. ಫಿಟ್ಟಿಂಗ್ ಬಿಚ್ಚುವ ಮೊದಲು ಟ್ಯಾಂಕಿನ ಗಾಳಿ ಪೂರಾ ಬಿಡಿ, ಕನ್ನಡಕ ಹಾಕಿಕೊಳ್ಳಿ.

ಮೊದಲು ಸೋರಿಕೆ

ಕಂಪ್ರೆಸರ್ ಪದೇ ಪದೇ ಓಡುತ್ತದೆ ಅಂದರೆ ಗಾಳಿ ಎಲ್ಲೋ ಹೋಗುತ್ತಿದೆ. ಎಲ್ಲಿ ಅಂತ ಹುಡುಕಲು ದಾರಿಯನ್ನು ತುಂಡು ತುಂಡು ಮಾಡಬೇಕು. ಅದಕ್ಕಾಗಿ ನಾನು ಕೈಯಿಂದ ತೆರೆದು ಮುಚ್ಚುವ ಬಾಲ್ ವಾಲ್ವ್ ಹಾಕಿದೆ. ಟ್ಯಾಂಕಿನಿಂದ ಗಾಳಿ ಹೊರಡುವ ಬಾಯಿಗೆ ಒಂದು, ಪ್ರತಿ ಬದಿಯಲ್ಲೂ ಲೆವೆಲಿಂಗ್ ವಾಲ್ವಿಗೂ ಬ್ಯಾಗಿಗೂ ನಡುವೆ ಒಂದೊಂದು. ಪರೀಕ್ಷೆಗೆಂದು ಹಾಕಿದ್ದು, ಈಗ ಖಾಯಂ ಆಗಿ ಉಳಿಸಿಕೊಂಡಿದ್ದೇನೆ.

ಸಂಜೆ ಟ್ಯಾಂಕನ್ನು 110 ಪಿಎಸ್ಐಗೆ ತುಂಬಿಸಿ, ಕಂಪ್ರೆಸರಿನ ಫ್ಯೂಸ್ ತೆಗೆದು, ಎಲ್ಲ ಬಾಲ್ ವಾಲ್ವ್ ಮುಚ್ಚಿದೆ. ಆಗ ಹವೆ 24 ಡಿಗ್ರಿ ಇತ್ತು. ಬೆಳಗ್ಗೆ 12 ಡಿಗ್ರಿ. ಗೇಜ್ 105 ತೋರಿಸುತ್ತಿತ್ತು. ಸಿಕ್ಕಿಬಿತ್ತು ಅಂತ ಸೋಪ್ ನೀರು ಹಿಡಿದು ಟ್ಯಾಂಕಿನ ಸುತ್ತ ಒಂದು ಗಂಟೆ ತಿರುಗಿದೆ. ಒಂದು ಗುಳ್ಳೆಯೂ ಇಲ್ಲ.

ಲೆಕ್ಕ ಹಾಕಿದ ಮೇಲೆ ನಗು ಬಂತು. ತಣ್ಣಗಾದರೆ ಗಾಳಿಯ ಒತ್ತಡ ತಾನಾಗಿಯೇ ಇಳಿಯುತ್ತದೆ. ಗೇಜಿನ 110ಕ್ಕೆ ಹೊರಗಿನ ವಾತಾವರಣದ 14.7 ಸೇರಿಸಿದರೆ 124.7. ಉಷ್ಣತೆಯನ್ನು ಕೆಲ್ವಿನ್‌ನಲ್ಲಿ ತೆಗೆದುಕೊಂಡರೆ 297ರಿಂದ 285ಕ್ಕೆ ಇಳಿದಿದೆ. 124.7 ಗುಣಿಸು 285 ಭಾಗಿಸು 297 ಅಂದರೆ ಸುಮಾರು 119.7. ಅದರಿಂದ 14.7 ಕಳೆದರೆ ಸರಿಯಾಗಿ 105. ಟ್ಯಾಂಕ್ ಒಂದು ಚೂರೂ ಸೋರುತ್ತಿರಲಿಲ್ಲ! ಮಿಶಿಗನ್ನಿನಂಥ ಕಡೆ ಹಗಲು ರಾತ್ರಿಗೆ 15 ಡಿಗ್ರಿ ವ್ಯತ್ಯಾಸ ಸಾಮಾನ್ಯ. ಆದ್ದರಿಂದ ಗೇಜಿನ ಅಂಕಿಯ ಪಕ್ಕದಲ್ಲಿ ಹವೆಯ ಡಿಗ್ರಿಯನ್ನೂ ಬರೆದಿಡಿ.

ಬ್ಯಾಗಿನ ವಿಷಯ ಇನ್ನೂ ತಮಾಷೆ. ಬ್ಯಾಗಿಗೆ ಗೇಜ್ ಹಾಕಿ ನೋಡಿದರೆ ಸೋರಿಕೆ ಕಾಣುವುದೇ ಇಲ್ಲ. ಯಾಕೆ ಅಂದರೆ ಬ್ಯಾಗಿನ ಒತ್ತಡವನ್ನು ಹೆಚ್ಚು ಕಡಿಮೆ ತೀರ್ಮಾನಿಸುವುದು ಅದರ ಮೇಲೆ ಕೂತ ಭಾರ. ಭಾರ ಅಷ್ಟೇ ಇರುವವರೆಗೆ ಒತ್ತಡವೂ ಸುಮಾರು ಅಷ್ಟೇ ಇರುತ್ತದೆ. ಗಾಳಿ ಹೋದ ಹಾಗೆಲ್ಲ ಬ್ಯಾಗ್ ಕುಗ್ಗುತ್ತದೆ, ಗಾಡಿ ಇಳಿಯುತ್ತದೆ, ಗೇಜಿನ ಮುಳ್ಳು ಮಾತ್ರ ಏನೂ ಆಗದ ಹಾಗೆ ನಿಂತಿರುತ್ತದೆ. ಗಾಡಿ ಪೂರಾ ನೆಲ ಕಚ್ಚಿದ ಮೇಲೆ ಅದು ಬೀಳುತ್ತದೆ. ಬ್ಯಾಗ್ ಪರೀಕ್ಷೆಗೆ ಗೇಜ್ ಬೇಡ, ಅಳತೆಯ ಟೇಪ್ ಬೇಕು. ಫ್ರೇಮಿನ ಒಂದೇ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ ನೆಲದಿಂದ ಅಲ್ಲಿಗೆ ಅಳೆಯಿರಿ, ಸಂಜೆ ಒಮ್ಮೆ, ಬೆಳಗ್ಗೆ ಒಮ್ಮೆ. ಗಾಡಿ ನಿಲ್ಲುವ ಜಾಗವೂ ಒಂದೇ ಇರಲಿ.

ನನ್ನ ಅಳತೆ ಹೀಗೆ ಬಂತು: ಬಲಗಡೆ ಹೆಚ್ಚು ಕಡಿಮೆ ಇದ್ದ ಹಾಗೇ ಇತ್ತು. ಎಡಗಡೆ 75 ಮಿಲಿಮೀಟರ್ ಇಳಿದಿತ್ತು. ಬಾಲ್ ವಾಲ್ವ್ ಮುಚ್ಚಿದ್ದರೂ ಇಳಿದಿದೆ ಅಂದರೆ ದೋಷ ವಾಲ್ವಿನಿಂದ ಬ್ಯಾಗಿನ ಕಡೆಗೆ ಮಾತ್ರ ಇರಬೇಕು. ಅಲ್ಲಿಗೆ ಕಂಪ್ರೆಸರ್, ಟ್ಯಾಂಕ್, ಲೆವೆಲಿಂಗ್ ವಾಲ್ವ್ ಮೂರೂ ಪಟ್ಟಿಯಿಂದ ಹೊರಗೆ. ಉಳಿದದ್ದು ಒಂದು ಗಜ ಪೈಪ್, ಎರಡು ಫಿಟ್ಟಿಂಗ್, ಒಂದು ಬ್ಯಾಗ್. ಬಾಲ್ ವಾಲ್ವ್ ಮುಚ್ಚಿದಾಗ ಗಾಡಿ ಇಳಿಯುವುದು ನಿಂತಿದ್ದರೆ ಅನುಮಾನ ಲೆವೆಲಿಂಗ್ ವಾಲ್ವಿನ ಮೇಲೆ ಹೋಗುತ್ತಿತ್ತು.

ಊರಿನ ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿನ ಬಾಂಡ್ಲಿಯಲ್ಲಿ ಮುಳುಗಿಸಿ ತಿರುಗಿಸುತ್ತಾರಲ್ಲ, ಇಲ್ಲಿ ಬಾಂಡ್ಲಿಯನ್ನೇ ಬ್ಯಾಗಿನ ಹತ್ತಿರ ತರಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಪಾಲು, ನೀರು ನಾಲ್ಕು ಪಾಲು, ಸ್ಪ್ರೇ ಬಾಟಲಿಗೆ ಹಾಕಿ. ಜಾಸ್ತಿ ಅಲ್ಲಾಡಿಸಬೇಡಿ, ನೊರೆ ಎದ್ದರೆ ಗುಳ್ಳೆ ಗೊತ್ತಾಗುವುದಿಲ್ಲ. ಮೆಲ್ಲಗೆ ಹಾಯಿಸಿ ಒಂದು ನಿಮಿಷ ಸುಮ್ನೆ ಕಾಯಿರಿ. ಬ್ಯಾಗಿನ ರಬ್ಬರು ಮಡಿಸುವ ಜಾಗ, ಅಂಚು, ಫಿಟ್ಟಿಂಗಿನ ಕುತ್ತಿಗೆ, ಪೈಪ್ ಒಳಗೆ ಹೋಗುವ ಬಾಯಿ, ಈ ನಾಲ್ಕನ್ನು ಟಾರ್ಚ್ ಬಿಟ್ಟು ನೋಡಿ.

ಟಾರ್ಚ್ ಬೆಳಕಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಕಂಡಿತು. ನಿಧಾನವಾಗಿ ಮೆಣಸಿನ ಕಾಳಿನಷ್ಟಾಯಿತು, ಒಡೆಯಿತು, ಅದೇ ಜಾಗದಲ್ಲಿ ಇನ್ನೊಂದು. ಪೈಪ್ ಒತ್ತಿ ಕೂರಿಸುವ ಫಿಟ್ಟಿಂಗಿನ ಬಾಯಿ ಅದು. ಬಿಚ್ಚಿದಾಗ ನೈಲಾನ್ ಪೈಪಿನ ತುದಿ ಓರೆಯಾಗಿ ಕತ್ತರಿಸಿತ್ತು, ತುದಿ ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗಿತ್ತು. ಕಟಿಂಗ್ ಪ್ಲೈಯರಿನ ಗುರುತು ಸ್ಪಷ್ಟ. ಯಾವ ಪುಣ್ಯಾತ್ಮ ಹೀಗೆ ಮಾಡಿದ ಅಂತ ಬೈಯಲು ಬಾಯಿ ತೆರೆದೆ. ಆಗ ನೆನಪಾಯಿತು, ಎರಡು ವರ್ಷದ ಹಿಂದೆ ಅಲ್ಲಿ ಗೇಜ್ ಹಾಕಿದವನು ನಾನೇ.

ಪೈಪನ್ನು ಹರಿತವಾದ ಬ್ಲೇಡಿನಿಂದ ಅಥವಾ ಪೈಪ್ ಕಟ್ಟರಿನಿಂದ ನೇರವಾಗಿ ಕತ್ತರಿಸಬೇಕು. ತುದಿಯ ಒಂದು ಇಂಚಿನಲ್ಲಿ ಗೀರು ಇರಬಾರದು. ಒಳಗಿನ ರಬ್ಬರ್ ರಿಂಗ್ ಕೂರುವುದು ಅಲ್ಲಿಯೇ. ತಳ ಮುಟ್ಟುವವರೆಗೆ ಒತ್ತಿ, ಆಮೇಲೆ ಹಿಂದಕ್ಕೆ ಎಳೆದು ನೋಡಿ. ಥ್ರೆಡ್ಡಿಗೆ ಬಿಳಿ ಟೇಪ್ ಸುತ್ತುವವರು ಮೊದಲ ಎರಡು ಸುತ್ತು ಬಿಟ್ಟು ಸುತ್ತಿ. ಟೇಪಿನ ಎಳೆ ಒಳಗೆ ಹೋದರೆ ಲೆವೆಲಿಂಗ್ ವಾಲ್ವಿನ ಸೀಟಿನಲ್ಲಿ, ಅಂದರೆ ಅದು ಮುಚ್ಚಿ ಕೂರುವ ಜಾಗದಲ್ಲಿ, ಸಿಕ್ಕಿ ಹೊಸ ಸೋರಿಕೆ ಹುಟ್ಟುತ್ತದೆ. ನಾನು ಈಗ ದ್ರವದ ಸೀಲಂಟನ್ನೇ ಬಳಸುತ್ತೇನೆ.

ಬ್ಯಾಗಿನ ರಬ್ಬರಿನಲ್ಲೇ ಬಿರುಕು ಬಿದ್ದು ಒಳಗಿನ ದಾರ ಕಂಡರೆ ರಿಪೇರಿ ಮಾತೇ ಬೇಡ, ಬದಲಾಯಿಸಿ. ಪ್ಯಾಚ್ ಹಾಕುವ ವಸ್ತುವಲ್ಲ ಅದು.

ಲೆವೆಲಿಂಗ್ ವಾಲ್ವ್ ನೋಡುವುದು ಸುಲಭ. ಕಡ್ಡಿ ಬಿಚ್ಚಿ, ಕೈಯನ್ನು ಮೇಲೆತ್ತಿದರೆ ಗಾಳಿ ಬ್ಯಾಗಿಗೆ ಹೋಗಬೇಕು, ಕೆಳಗೆ ತಂದರೆ ಹೊರಗೆ ಬರಬೇಕು, ನಡುವಿನಲ್ಲಿ ಸದ್ದೇ ಇರಬಾರದು. ಕೆಲವು ವಾಲ್ವ್ ತಡವಾಗಿ ಕೆಲಸ ಮಾಡುತ್ತವೆ, ಅರ್ಧ ನಿಮಿಷ ಹಿಡಿದಿರಿ. ನಡುವಿನಲ್ಲಿ ಇಟ್ಟಾಗ ಗಾಳಿ ಬಿಡುವ ತೂತಿಗೆ ಸೋಪ್ ನೀರು ಸವರಿ. ಅದು ಉಬ್ಬಿದರೆ ಒಳಗಿನ ಸೀಟು ಹೋಗಿದೆ.

ಆಮೇಲೆ ಕರೆಂಟು

ಸೋರಿಕೆ ಸಿಕ್ಕಿತು, ಸರಿ. ಆದರೆ ಹೊಸ ಕಂಪ್ರೆಸರ್ ನಾಲ್ಕೇ ತಿಂಗಳಿಗೆ ಸುಟ್ಟದ್ದು ಬರೀ ಸೋರಿಕೆಯಿಂದಲ್ಲ.

ಮಲ್ಟಿಮೀಟರನ್ನು ಕಂಪ್ರೆಸರಿನ ಎರಡು ವೈರಿಗೆ ಇಟ್ಟು, ಅದು ಓಡುತ್ತಿರುವಾಗ ನೋಡಬೇಕು. ನಿಂತಾಗ ನೋಡಿದರೆ ಪ್ರಯೋಜನವಿಲ್ಲ, ಎಂಥ ಕೆಟ್ಟ ವೈರೂ ನಿಂತಾಗ 12 ವೋಲ್ಟ್ ತೋರಿಸುತ್ತದೆ. ಓಡುವಾಗ ಬ್ಯಾಟರಿಯ ಹತ್ತಿರ 12.2, ಕಂಪ್ರೆಸರಿನ ಹತ್ತಿರ 9.6. ನಡುವೆ 2.6 ವೋಲ್ಟ್ ಎಲ್ಲಿ ಹೋಯಿತು?

ಹಿಂದಿನ ಮಾಲೀಕರು ಎಳೆದದ್ದು 16 ಗೇಜ್ ವೈರ್, ಅಂದರೆ ನಮ್ಮೂರ ಲೆಕ್ಕದಲ್ಲಿ ಸುಮಾರು 1.3 ಸ್ಕ್ವೇರ್ ಎಂಎಂ. ಹೋಗಲು 5 ಮೀಟರ್, ಬರಲು 5 ಮೀಟರ್. ಆ ವೈರಿನ ತಡೆ ಮೀಟರಿಗೆ 0.013 ಓಮ್, ಹತ್ತು ಮೀಟರಿಗೆ 0.13. ಕಂಪ್ರೆಸರ್ 20 ಆಂಪಿಯರ್ ಎಳೆಯುತ್ತಿತ್ತು. 20 ಗುಣಿಸು 0.13 ಅಂದರೆ 2.6. ಕಳ್ಳ ಸಿಕ್ಕಿದ! ಅಷ್ಟೂ ವೈರಿನಲ್ಲೇ ಬಿಸಿಯಾಗಿ ಹೋಗುತ್ತಿತ್ತು.

ವೋಲ್ಟೇಜ್ ಕಡಿಮೆಯಾದರೆ ಮೋಟರ್ ನಿಧಾನ ತಿರುಗುತ್ತದೆ, ಆದರೆ ಆ ಒತ್ತಡಕ್ಕೆ ಬೇಕಾದ ಕರೆಂಟು ಹೆಚ್ಚು ಕಡಿಮೆ ಅಷ್ಟೇ ಎಳೆಯುತ್ತದೆ. ಟ್ಯಾಂಕ್ ತುಂಬಲು ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ ಮೋಟರ್ ಬಿಸಿಯಾಗುತ್ತದೆ. ನಿಧಾನ ತಿರುಗುವುದರಿಂದ ತಂಪೂ ಕಡಿಮೆ. ಅದರ ಮೇಲೆ ರಾತ್ರಿ ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲಸ. ಸುಡದೆ ಇನ್ನೇನು?

ಈಗ 8 ಗೇಜ್ ವೈರ್ ಹಾಕಿದ್ದೇನೆ, 8 ಸ್ಕ್ವೇರ್ ಎಂಎಂಗಿಂತ ಸ್ವಲ್ಪ ಜಾಸ್ತಿ. ಅದೇ ದೂರಕ್ಕೆ ನಷ್ಟ 0.4 ವೋಲ್ಟ್ ಮಾತ್ರ. 40 ಆಂಪಿಯರ್ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಕಂಪ್ರೆಸರಿನ ಹತ್ತಿರ ಅಲ್ಲ. ನಡುವೆ ವೈರ್ ಎಲ್ಲಾದರೂ ಗಾಡಿಯ ಮೈಗೆ ಉಜ್ಜಿ ಶಾರ್ಟ್ ಆದರೆ ಕಾಪಾಡುವುದು ಬ್ಯಾಟರಿ ಕಡೆಯ ಫ್ಯೂಸ್. ಅರ್ಥಿಂಗ್ ಕೊಡುವ ಜಾಗದ ಪೇಂಟ್ ಕೆರೆದು ಲೋಹ ಕಾಣುವ ಹಾಗೆ ಮಾಡಿ. ಬಾಡಿ ಅಲ್ಯೂಮಿನಿಯಮ್ ಮತ್ತು ಫೈಬರ್, ಅದನ್ನು ನಂಬುವ ಬದಲು ನೆಗೆಟಿವ್ ವೈರನ್ನೂ ಬ್ಯಾಟರಿಯವರೆಗೆ ಎಳೆಯುವುದು ನನಗೆ ಸರಿ ಕಂಡಿತು.

ಟ್ಯಾಂಕಿನ ಒತ್ತಡ ನೋಡಿ ಕಂಪ್ರೆಸರನ್ನು ಆನ್ ಆಫ್ ಮಾಡುವುದು ಪ್ರೆಷರ್ ಸ್ವಿಚ್. ಅದರ ಮೂಲಕ ನೇರವಾಗಿ ಮೋಟರಿನ ಕರೆಂಟು ಹರಿಸಿದ್ದರೆ ಅದನ್ನೂ ತಪ್ಪಿಸಿ. ಸ್ವಿಚ್ಚಿನ ಪಾಯಿಂಟ್ ಸುಟ್ಟು ಕರ‍್ರಗಾಗುತ್ತದೆ. ರಿಲೇ ಹಾಕಿ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಪುಟ್ಟ ಸ್ವಿಚ್ ಅದು. ಅದರ ಕಾಲುಗಳ ನಂಬರಿನಂತೆ: 30ಕ್ಕೆ ಫ್ಯೂಸಿನಿಂದ ಬಂದ ವೈರ್, 87ರಿಂದ ಕಂಪ್ರೆಸರಿಗೆ, 86ಕ್ಕೆ ಪ್ರೆಷರ್ ಸ್ವಿಚ್ಚಿನಿಂದ, 85 ಅರ್ಥಿಂಗಿಗೆ. ಹೀಗಾದರೆ ಸ್ವಿಚ್ ರಿಲೇಯನ್ನು ಎಬ್ಬಿಸುವಷ್ಟು ಕೆಲಸ ಮಾತ್ರ ಮಾಡುತ್ತದೆ.

ಬೇರೆ ಲಕ್ಷಣ, ಬೇರೆ ಕಾರಣ

ಕಂಪ್ರೆಸರ್ ಓಡುವುದೇ ಇಲ್ಲ ಅಂದರೆ ಫ್ಯೂಸ್ ನೋಡಿ. ಅದು ಸರಿಯಿದ್ದರೆ ಪ್ರೆಷರ್ ಸ್ವಿಚ್ಚಿನ ಎರಡು ವೈರನ್ನು ಒಂದು ತುಂಡು ವೈರಿನಿಂದ ಕ್ಷಣಕಾಲ ಸೇರಿಸಿ. ಓಡಿದರೆ ಸ್ವಿಚ್ ಹೋಗಿದೆ. ರಿಲೇ ಟಕ್ ಅಂದು ಮೋಟರ್ ಓಡದಿದ್ದರೆ ರಿಲೇಯ ಪಾಯಿಂಟ್ ಅಥವಾ ಮೋಟರ್. ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ಓಡಿದರೆ ಅದು ರೋಗವಲ್ಲ. ಒಳಗಿನ ಥರ್ಮಲ್ ಕಟಾಫ್ ಬಿಸಿಗೆ ನಿಲ್ಲಿಸಿರುತ್ತದೆ. ಬಿಸಿ ಯಾಕಾಯಿತು ಅಂತ ಹುಡುಕಿ.

ಓಡುತ್ತದೆ, ನಿಲ್ಲುವುದಿಲ್ಲ ಅಂದರೆ ಪ್ರೆಷರ್ ಸ್ವಿಚ್ಚಿನ ಒಂದು ವೈರ್ ಕಿತ್ತು ನೋಡಿ. ಆಗಲೂ ಓಡಿದರೆ ರಿಲೇಯ ಪಾಯಿಂಟ್ ಅಂಟಿಕೊಂಡಿದೆ.

ಎದ್ದೇಳಲು ಒದ್ದಾಡಿ ಫ್ಯೂಸ್ ಹಾರಿಸುತ್ತದೆ, ಆದರೆ ಟ್ಯಾಂಕ್ ಖಾಲಿ ಇದ್ದಾಗ ಚೆನ್ನಾಗಿ ಓಡುತ್ತದೆ. ಇದು ಚೆಕ್ ವಾಲ್ವಿನ ಕೆಲಸ. ಟ್ಯಾಂಕಿನ ಗಾಳಿ ಹಿಂದಕ್ಕೆ ಬಂದು ಪಿಸ್ಟನ್ ತಲೆಯ ಮೇಲೆ ಕೂತಿರುತ್ತದೆ. ಕಂಪ್ರೆಸರ್ ನಿಲ್ಲಿಸಿ, ತಣ್ಣಗಾದ ಮೇಲೆ, ಕಂಪ್ರೆಸರ್ ತುದಿಯ ಹೋಸನ್ನು ನಿಧಾನಕ್ಕೆ ಸಡಿಲಿಸಿ. ಒಮ್ಮೆ ಪುಸ್ ಅಂದು ಸುಮ್ಮನಾದರೆ ಸರಿ. ಗಾಳಿ ಬರುತ್ತಲೇ ಇದ್ದರೆ ಚೆಕ್ ವಾಲ್ವ್ ಬದಲಾಯಿಸಿ. ಈ ಮೊದಲ ಹೋಸ್ ಕೈ ಸುಡುವಷ್ಟು ಬಿಸಿಯಾಗುತ್ತದೆ. ಅಲ್ಲಿ ನೈಲಾನ್ ಪೈಪ್ ಹಾಕಬೇಡಿ, ಉಕ್ಕಿನ ಹೆಣಿಗೆ ಇರುವ ಹೋಸೇ ಬೇಕು.

ಓಡುತ್ತದೆ, ಒತ್ತಡ ಏರುವುದಿಲ್ಲ ಅಂದರೆ ಟ್ಯಾಂಕಿನ ಬಾಲ್ ವಾಲ್ವ್ ಮುಚ್ಚಿ ಸೊನ್ನೆಯಿಂದ 100 ಪಿಎಸ್ಐಗೆ ಎಷ್ಟು ಹೊತ್ತು ಅಂತ ನೋಡಿ. ನನ್ನ ಟ್ಯಾಂಕ್ 7.6 ಲೀಟರ್. 100 ಪಿಎಸ್ಐ ಅಂದರೆ ವಾತಾವರಣದ ಒತ್ತಡದ ಸುಮಾರು 6.8 ಪಟ್ಟು. ಅಂದರೆ ಹೊರಗಿನ ಗಾಳಿ 52 ಲೀಟರ್ ಬೇಕು. ನಿಮ್ಮ ಕಂಪ್ರೆಸರ್ ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತದೆ ಅಂತ ಅದರ ಪೆಟ್ಟಿಗೆಯ ಮೇಲಿನ ಅಂಕಿಯಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ಅದರ ಎರಡು ಮೂರು ಪಟ್ಟು ಹೊತ್ತು ಹಿಡಿದರೆ ಮೊದಲು ಫಿಲ್ಟರ್ ತೆಗೆದು ಓಡಿಸಿ. ವೇಗ ಬಂದರೆ ಫಿಲ್ಟರೇ ಕಟ್ಟಿಕೊಂಡಿತ್ತು. ಇಲ್ಲದಿದ್ದರೆ ಗಾಳಿ ಎಳೆಯುವ ತೂತಿನ ಮುಂದೆ ಬೆರಳು ಹಿಡಿಯಿರಿ. ಅಲ್ಲಿಂದ ಗಾಳಿ ಪುಕಪುಕ ಅಂತ ಹೊರಗೆ ಹೊಡೆದರೆ ಒಳಗಿನ ರೀಡ್ ವಾಲ್ವ್ (ಗಾಳಿಗೆ ಬಾಗಿಲಿನಂತಿರುವ ತೆಳು ತಗಡು) ಮುರಿದಿದೆ ಅಥವಾ ಕಸ ಸಿಕ್ಕಿದೆ. ಹಾಗಿಲ್ಲದಿದ್ದರೆ ಪಿಸ್ಟನ್ ರಿಂಗ್ ಸವೆದಿದೆ.

ರಿಂಗ್ ಅಂದಾಗ ನೆನಪಾಯಿತು. ಈ ಸಣ್ಣ ಕಂಪ್ರೆಸರುಗಳಲ್ಲಿ ಹೆಚ್ಚಿನವು ಎಣ್ಣೆ ಬೇಡದವು. ಸದ್ದು ಬರುತ್ತದೆ ಅಂತ ಹೊಲಿಗೆ ಮೆಷಿನ್ ಎಣ್ಣೆ ಬಿಡಬೇಡಿ. ಎಣ್ಣೆಗೆ ಧೂಳು ಅಂಟಿ ರೀಡ್ ವಾಲ್ವಿನಲ್ಲಿ ಗೋಂದಿನ ಹಾಗೆ ಕೂರುತ್ತದೆ.

ದೊಡ್ಡದು ಹಾಕುವ ಮುಂಚೆ

ಸೋರಿಕೆ ನಿಂತು, ವೈರ್ ಸರಿಯಾದ ಮೇಲೆ ಅಪ್‌ಗ್ರೇಡ್ ಯೋಚಿಸಿ. ನೋಡಬೇಕಾದ ಮೊದಲ ಅಂಕಿ ಗರಿಷ್ಠ ಒತ್ತಡವಲ್ಲ, ಡ್ಯೂಟಿ ಸೈಕಲ್. 100 ಪಿಎಸ್ಐನಲ್ಲಿ 33 ಪರ್ಸೆಂಟ್ ಅಂದರೆ 10 ನಿಮಿಷ ಓಡಿದರೆ 20 ನಿಮಿಷ ವಿಶ್ರಾಂತಿ ಕೊಡಬೇಕು. 100 ಪರ್ಸೆಂಟಿನದು ಸಿಕ್ಕರೆ, ಅದು ಎಳೆಯುವ ಕರೆಂಟಿಗೆ ನಿಮ್ಮ ವೈರ್ ತಡೆದರೆ, ಅದನ್ನೇ ತನ್ನಿ.

ದೊಡ್ಡ ಟ್ಯಾಂಕ್ ಹಾಕಿದರೆ ಕಂಪ್ರೆಸರ್ ಕಡಿಮೆ ಸಲ ಎದ್ದೇಳುತ್ತದೆ, ಎದ್ದಾಗ ಹೆಚ್ಚು ಹೊತ್ತು ಓಡುತ್ತದೆ. ಒಟ್ಟು ಕೆಲಸ ಅಷ್ಟೇ. ಆ ಹೆಚ್ಚು ಹೊತ್ತು ಡ್ಯೂಟಿ ಸೈಕಲ್ ಮೀರಿದರೆ ಲಾಭಕ್ಕಿಂತ ನಷ್ಟ ಜಾಸ್ತಿ. ಸ್ವಿಚ್ಚಿನ ಕಟಾಫ್ ಒತ್ತಡವನ್ನು ಟ್ಯಾಂಕ್ ಮತ್ತು ಬ್ಯಾಗ್ ತಯಾರಕರು ಹೇಳಿದ ಮಿತಿಯೊಳಗೇ ಇಡಿ, ಟ್ಯಾಂಕಿಗೆ ಸೇಫ್ಟಿ ವಾಲ್ವ್ ಇರಲೇಬೇಕು. ಎರಡು ಕಂಪ್ರೆಸರ್ ಜೋಡಿಸುವವರು ಒಂದೊಂದಕ್ಕೂ ಬೇರೆ ಬೇರೆ ಚೆಕ್ ವಾಲ್ವ್ ಹಾಕಿ. ಇಲ್ಲದಿದ್ದರೆ ಒಂದರ ಗಾಳಿ ಇನ್ನೊಂದರ ತಲೆಗೆ ಹೋಗುತ್ತದೆ.

ಫಿಲ್ಟರನ್ನು ಚಕ್ರದ ನೀರು ಹಾರದ ಕಡೆ, ಸಾಧ್ಯವಾದರೆ ಗಾಡಿಯ ಒಳಗೆ ತನ್ನಿ. ಬಿಸಿ ಗಾಳಿ ಟ್ಯಾಂಕಿನಲ್ಲಿ ತಣ್ಣಗಾದಾಗ ನೀರು ಕೂರುತ್ತದೆ. ತಿಂಗಳಿಗೊಮ್ಮೆ ತಳದ ಡ್ರೈನ್ ತೆರೆದು ಬಿಡಿ. ನನಗೆ ಮೊದಲ ಸಲ ಕಾಫಿ ಲೋಟದಷ್ಟು ಕಂದು ನೀರು ಬಂತು. ಇಲ್ಲಿನ ಚಳಿಗಾಲದಲ್ಲಿ ಆ ನೀರು ವಾಲ್ವಿನಲ್ಲಿ ಮಂಜುಗಟ್ಟಿದರೆ ಗಾಡಿ ಏಳುವುದೂ ಇಲ್ಲ, ಇಳಿಯುವುದೂ ಇಲ್ಲ. ಸಿಲಿಕಾ ಜೆಲ್ ತುಂಬಿದ ಡ್ರೈಯರ್ ಹಾಕಿದರೆ ಒಳ್ಳೆಯದು.

ಇನ್ನೊಂದು ಅಗ್ಗದ ಅಪ್‌ಗ್ರೇಡ್ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಪ್ರತಿ ಬ್ಯಾಗಿನ ಲೈನಿಗೆ ಇಂಗ್ಲಿಷಿನ T ಆಕಾರದ ಫಿಟ್ಟಿಂಗ್ ಹಾಕಿ ಒಂದೊಂದು ಟಯರ್ ವಾಲ್ವ್ ಕೂರಿಸಿದೆ. ದಾರಿಯಲ್ಲಿ ಕಂಪ್ರೆಸರ್ ಕೈ ಕೊಟ್ಟರೆ ಬಾಲ್ ವಾಲ್ವ್ ಮುಚ್ಚಿ, ಪೆಟ್ರೋಲ್ ಬಂಕಿನ ಹೋಸಿನಿಂದಲೋ ಟಯರ್ ಪಂಪಿನಿಂದಲೋ ಗಾಡಿ ಎಬ್ಬಿಸಿ ಮನೆಗೆ ಬರಬಹುದು. ಬ್ಯಾಗ್ ಪೂರಾ ಖಾಲಿಯಾದ ಗಾಡಿಯನ್ನು ಮಾತ್ರ ಓಡಿಸಬೇಡಿ.

ಈಗ ಬೆಳಗ್ಗೆ ಕೀ ತಿರುಗಿಸಿದಾಗ ಕಂಪ್ರೆಸರ್ ಒಂದೂವರೆ ನಿಮಿಷ ಓಡಿ ನಿಲ್ಲುತ್ತದೆ. ಕಳೆದ ತಿಂಗಳ ಅಳತೆಯಲ್ಲಿ ಎಡಗಡೆ ಹತ್ತು ದಿನಕ್ಕೆ 6 ಮಿಲಿಮೀಟರ್ ಇಳಿದಿದೆ. ಬಲಗಡೆಯ ಲೆವೆಲಿಂಗ್ ವಾಲ್ವಿನ ತೂತಿನಲ್ಲಿ ಸೋಪಿನ ಪೊರೆ ನಿಧಾನಕ್ಕೆ ಉಬ್ಬುತ್ತಿದೆ. ಅದರ ರಿಪೇರಿ ಕಿಟ್ ತಂದು ಗ್ಯಾರೇಜಿನ ಶೆಲ್ಫಿನಲ್ಲಿ ಇಟ್ಟಿದ್ದೇನೆ, ಹಿಮ ಕರಗಲಿ ಅಂತ ಕಾಯುತ್ತಿದ್ದೇನೆ.